ಮಾಂತ್ಯಾ ಅವ್ವನ ಫೋನು ನೆಟ್ಟಗೆ ಮಾಡಿದ್ದು

ಹಾಂ, ಕೂತ್ಕೊಳ್ರಿ, ಹೇಳ್ತೀನಿ. ನಡುವೆ ಯಾರೂ "ಹಿಂಗೂ ಇರ್ತಾರೇನು?" ಅಂತ ಕೇಳಬಾರದು. ಇರ್ತಾರೆ. ನಮ್ಮ ಓಣಿಯಲ್ಲೇ ಇದ್ದಾರೆ. ನನ್ನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಂದಮೇಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಬ್ಬ ತಾಯಿ, ಒಬ್ಬ ಮಗ. ತಾಯಿ ಗುರುಸಂಗವ್ವ. ಮಗ ಮಾಂತೇಶ, ಓಣಿಯವರ ಬಾಯಲ್ಲಿ ಮಾಂತ್ಯಾ. ಮೂವತ್ತೆರಡು ವರ್ಷ, ಆರಡಿ ಎತ್ತರ, ಮುಖದ ತುಂಬ ಮೀಸೆ. ಹೇಳಿದ್ದನ್ನು ಮಾಡದೆ ಬಿಡುವವನಲ್ಲ, ಹೇಳದ್ದನ್ನು ಮಾಡುವವನಲ್ಲ. ಸುಳ್ಳು ಗೊತ್ತಿಲ್ಲ, ಕಳವು ಗೊತ್ತಿಲ್ಲ, ಎದುರು ಮಾತು ಗೊತ್ತಿಲ್ಲ. ಇಂಥ ಮಗ ಬೇಕೇನ್ರಿ ಅಂತ ಕೇಳಿದರೆ ಹತ್ತು ಜನ ಕೈ ಎತ್ತುತ್ತಾರೆ. ಎರಡು ದಿನ ಇಟ್ಟುಕೊಂಡು ನೋಡಲಿ, ಮೂರನೆಯ ದಿನ ತಾವೇ ಕರೆದುಕೊಂಡು ಬಂದು ಗುರುಸಂಗವ್ವನ ಬಾಗಿಲಿಗೆ ಬಿಟ್ಟು ಹೋಗುತ್ತಾರೆ.

ಗುರುಸಂಗವ್ವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಂಟೆ ಹೊಡೆದು, ಕಸ ಗುಡಿಸಿ, ನೀರು ತುಂಬಿ ನಿವೃತ್ತಿಯಾದವಳು. ಈಗ ಪಿಂಚಣಿ. ಆ ಪಿಂಚಣಿಗೊಂದು ಕಟ್ಟಳೆ ಇದೆ. ವರ್ಷಕ್ಕೊಮ್ಮೆ, ನವೆಂಬರ್ ತಿಂಗಳು ಮುಗಿಯುವುದರೊಳಗೆ, "ನಾನು ಬದುಕಿದ್ದೇನೆ" ಅಂತ ತೋರಿಸಿಕೊಡಬೇಕು. ತೋರಿಸದಿದ್ದರೆ ಹೆಸರು ತೆಗೆದುಬಿಡುತ್ತಾರೆ. ಪ್ರತಿವರ್ಷ ತಾನೇ ಹೋಗಿ ತೋರಿಸಿ ಬರುತ್ತಿದ್ದಳು. ಈ ಸಲ ಮೊಣಕಾಲು ಹಿಡಿದುಕೊಂಡುಬಿಟ್ಟವು. ಫೋನಿನಲ್ಲೇ ಆಗುತ್ತದೆ, ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಮುಗಿಯಿತು ಅಂತ ಯಾರೋ ಹೇಳಿದರು. ಆಕೆಗೆ ಫೋನಿನ ಅಕ್ಷರ ಕಾಣುವುದಿಲ್ಲ. ಹಾಗಾಗಿ ಫೋನು ಮಾಂತ್ಯಾನ ಕೈಗೆ ಬಂತು.

"ಸಾಯಾಕ ನನಗ ಅಂಜಿಕಿಲ್ರಿ ಶಿವಪುತ್ರಪ್ಪಾ," ಅಂದಿದ್ದಳು ನನ್ನ ಮುಂದೆ. "ಆದ್ರ ಬದುಕಿರೂತನಾ ಬದುಕೀನಿ ಅಂತ ಬರಕೊಳ್ಳಬೇಕಲ್ರಿ! ನನ್ನ ಪಿಂಚಣಿ ನಿಂತರ ಈ ಹುಚ್ಚಪ್ಯಾಲಿ ಏನ ತಿಂತಾನ?"

ಹೌದು. ಇದಿಷ್ಟೇ ಆಕೆಯ ಚಿಂತೆ. ಉಳಿದದ್ದು ಮಾಂತ್ಯಾನ ಕೆಲಸ.

ಮೊದಲು ಕೆಟ್ಟದ್ದು ಫೋನಲ್ಲ, ಟೀವಿ ರಿಮೋಟು. ತಂದ ದಿನದ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿಲ್ಲ, ಅದರ ಮೇಲೆ ಎರಡು ರಬ್ಬರ್ ಬ್ಯಾಂಡು. ಮಾಂತ್ಯಾ ಒತ್ತಿದ. ಇನ್ನೂ ಒತ್ತಿದ. ಅಂಗೈಗೆ ಬಡಿದು ಒತ್ತಿದ. ಏನೂ ಇಲ್ಲ.

"ಯವ್ವಾ, ರಿಮೋಟ ಸತ್ತೈತಿ!"

"ಸೆಲ್ ತಗದು ಬಿಸಲಾಗ ಇಡೋ. ಎರಡ ತಾಸಿನಾಗ ಜೀವ ಬರ್ತಾವ."

ಇದು ನಮ್ಮ ಕಡೆ ಎಲ್ಲರೂ ಮಾಡುವುದೇ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕ ಎರಡು ಸೆಲ್ಲು ಮಲಗಿಸಿದ. ಎರಡು ತಾಸು ಅಲ್ಲೇ ಕಾವಲು ಕೂತ. ತಂದು ಹಾಕಿದ. ಟೀವಿ ಹತ್ತಿತು!

"ಶಾಣ್ಯಾ ಅದಿ ಬಿಡೋ ಮಗನ," ಅಂದಳು ಗುರುಸಂಗವ್ವ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅಂದಳು. ಅನ್ನಬಾರದಿತ್ತು.

ಮರುದಿನ ಕರೆಂಟು ಹೋಯಿತು. ಫೋನಿನ ಚಾರ್ಜೂ ಮುಗಿಯಿತು. ಮಾಂತ್ಯಾ ಯಾರನ್ನೂ ಕೇಳಲಿಲ್ಲ, ಶಾಣ್ಯಾ ಆಗಿದ್ದನಲ್ಲ! ಫೋನು ಒಯ್ದು ಮಾಳಿಗೆಯ ತಗಡಿನ ಮೇಲಿಟ್ಟ. ಸೆಲ್ಲು ಸಣ್ಣವು, ಅವಕ್ಕೆ ಎರಡು ತಾಸು. ಫೋನು ದೊಡ್ಡದು, ಅದಕ್ಕೆ ಎಂಟು ತಾಸು. ಲೆಕ್ಕ ಬೇರೆ ಹಾಕಿದ್ದಾನೆ! ಹೊತ್ತು ಇಳಿಯುವಾಗ ತೆಗೆದು ತಂದರೆ ಫೋನಿನ ಬೆನ್ನು ಎಣ್ಣೆಗೆ ಬಿಟ್ಟ ಪೂರಿ ಹಾಗೆ ಉಬ್ಬಿತ್ತು.

"ಅಯ್ಯ ನಿನ್ನ! ಏನ ಮಾಡಿದ್ಯೋ!"

"ಬಿಸಲಾಗ ಇಟ್ಟಿದ್ದೆಬೇ. ಜೀವ ಬರ್ಲಿ ಅಂತ."

"ಜೀವ ಹೋತಲ್ಲೋ! ಸೆಲ್ಲಿಗೆ ಹೇಳಿದ್ದು ಫೋನಿಗೆ ಹಚ್ಚತಾರೇನೋ! ಕಾದದ್ದು ಇದ್ರ ತಣ್ಣಗ ಇಡಬೇಕೋ, ತಣ್ಣಗ! ತಿಳೀತಿಲ್ಲೋ?"

"ತಿಳೀತಬೇ. ಕಾದದ್ದು ತಣ್ಣಗ ಇಡಬೇಕು."

ಬಸ್‌ಸ್ಟ್ಯಾಂಡಿನ ಎದುರು ದಾವಲಸಾಬ ಅಂತ ಇದ್ದಾನೆ. ಮೊಬೈಲು ರಿಪೇರಿ ಮಾಡುತ್ತಾನೆ, ಅಲ್ಲೇ ಒಂದು ಕಂಪ್ಯೂಟರಿಟ್ಟುಕೊಂಡು ಊರವರ ಅರ್ಜಿಗಳನ್ನೂ ತುಂಬಿ ಕೊಡುತ್ತಾನೆ. ಒಳ್ಳೆಯ ಮನುಷ್ಯ. ಬ್ಯಾಟರಿ ಬದಲಿಸಿ ಕೊಟ್ಟ. ಫೋನು ಬದುಕಿತು.

ಇನ್ನು ನನ್ನ ಸರದಿ.

ಅವತ್ತು ನನ್ನ ಮನೆಯ ಟೀವಿ ನಿಂತು ನಿಂತು ಬರುತ್ತಿತ್ತು. ಚಿತ್ರ ಚೌಕ ಚೌಕ ಒಡೆಯುತ್ತಿತ್ತು. ಸೆಟ್‌ಟಾಪ್ ಬಾಕ್ಸು ಮುಟ್ಟಿ ನೋಡಿದೆ, ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು. ಮಾಂತ್ಯಾ ಅಲ್ಲೇ ಕೂತಿದ್ದ. ನಾನು ಸುಮ್ಮನೆ ಮಾತಿಗೆ ಅಂದೆ, "ಬಾಳ ಕಾದೈತಿ ನೋಡೋ ಮಾಂತ್ಯಾ ಇದು." ಅಂದು ಜಳಕಕ್ಕೆ ಹೋದೆ. ಅಷ್ಟೇ ನಾನು ಮಾಡಿದ ತಪ್ಪು.

ಜಳಕ ಮಾಡಿ ಬಂದು ನೋಡಿದರೆ ಟೀವಿಯ ಮೇಲೆ ಬಾಕ್ಸಿಲ್ಲ. ವೈರು ಮಾತ್ರ ನೇತಾಡುತ್ತಿವೆ.

"ಮಾಂತ್ಯಾ, ಬಾಕ್ಸ ಎಲ್ಲೋ?"

"ತಣ್ಣಗ ಐತ್ರಿ ಕಾಕಾ."

"ಎಲ್ಲಿ ತಣ್ಣಗ ಐತಿ?"

"ಹರವ್ಯಾಗ್ರಿ."

ಕುಡಿಯುವ ನೀರಿನ ಹರವಿ! ಮುಚ್ಚಳ ತೆಗೆದು ನೋಡಿದೆ. ಮೂರು ಕೊಡ ನೀರಿನ ತಳದಲ್ಲಿ ನನ್ನ ಸೆಟ್‌ಟಾಪ್ ಬಾಕ್ಸು ಆರಾಮಾಗಿ ಕೂತಿತ್ತು. ಒಂದೊಂದೇ ಗುಳ್ಳೆ ಮೇಲಕ್ಕೆ ಬಿಡುತ್ತಿತ್ತು. ನನ್ನ ಕೂಗು ಕೇಳಿ ಗುರುಸಂಗವ್ವ ಗೋಡೆ ಹಿಡಿದುಕೊಂಡು ಕುಂಟುತ್ತ ಬಂದಳು. ಹಣೆ ಹಣೆ ಬಡಿದುಕೊಂಡಳು.

"ತಣ್ಣಗಂದ್ರ ನೀರಾಗಲ್ಲೋ! ಕರೆಂಟಿನ ಸಾಮಾನು ನೀರಾಗ ಯಾವ ಹುಚ್ಚ ಅದ್ದತಾನೋ!"

"ನೀನ ಹೇಳಿದ್ದೆಲ್ಲಬೇ."

ನನಗೆ ಸಿಟ್ಟು ನೆತ್ತಿಗೇರಿತ್ತು. ಬುದ್ಧಿ ಹೇಳುವುದಿದ್ದರೆ ಆಕೆ ಹೇಳಲಿ ಅಂತ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. "ಲೇ, ಕೇಳಿಲ್ಲೆ," ಅಂದೆ. "ನೀರು ತಾಗಿದ ಸಾಮಾನು ಕಾಳಿನಾಗ ಹುಗದು ಇಡಬೇಕು. ಮೂರ ದಿನ ಇಡಬೇಕು. ಮೂರ ದಿನದಾಗ ಏನ ಆದ್ರೂ ಮುಟ್ಟಬಾರದು. ಮನಿಗೆ ಬೆಂಕಿ ಬಿದ್ರೂ ಮುಟ್ಟಬಾರದು! ತಿಳೀತಿಲ್ಲೋ?"

"ತಿಳೀತ್ರಿ ಕಾಕಾ. ಬೆಂಕಿ ಬಿದ್ರೂ ಮುಟ್ಟಬಾರದು."

ಬಾಕ್ಸನ್ನು ನಾನು ಮೂರಲ್ಲ, ಐದು ದಿನ ಅಕ್ಕಿಯಲ್ಲಿ ಹುಗಿದಿಟ್ಟೆ. ಅದು ಏಳಲೇ ಇಲ್ಲ. ಆ ಸಿಟ್ಟಿಗೆ ನಾನು ಅವರ ಫೋನಿನ ಗೊಡವೆಗೇ ಹೋಗಲಿಲ್ಲ. "ಕಣ್ಣು ಮಿಟುಕಿಸೋದು ನಾನೇ ಮಾಡಿಸಿಕೊಡ್ತೀನಿ ಬರ್ರಿ" ಅನ್ನಬಹುದಿತ್ತು. ಹತ್ತು ನಿಮಿಷದ ಕೆಲಸ. ಅನ್ನಲಿಲ್ಲ. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ನಾಲ್ಕು ದಿನ ಸುಮ್ಮನೆ ಹೋದವು. ಐದನೆಯ ದಿನ ಗುರುಸಂಗವ್ವ ಹಿಟ್ಟು ನಾದುತ್ತಿದ್ದಳು, ಫೋನು ಬಡಿದುಕೊಂಡಿತು. ಹಸಿ ಕೈಯಲ್ಲೇ ಎತ್ತಿ, ಮಾತಾಡಿ, ಇಟ್ಟಳು. ಫೋನಿನ ಮೇಲೆ ಎರಡು ಹನಿ ನೀರು ನಿಂತಿತು. ಎರಡೇ ಹನಿ! ಸೆರಗಿನಿಂದ ಒರೆಸಿದರೆ ಆಗುತ್ತಿತ್ತು. ಮಾಂತ್ಯಾ ನೋಡಿದ. ನೀರು ತಾಗಿದ ಸಾಮಾನು! ಎತ್ತಿಕೊಂಡು ಹೋಗಿ ಜೋಳದ ಚೀಲದಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು ಹುಗಿದ.

ತಾಸೊಪ್ಪತ್ತಿಗೆ ತಾಯಿ ಕೂಗಿದಳು. "ಮಾಂತ್ಯಾ, ಹಿಟ್ಟ ತೀರೈತಿ. ಆ ಚೀಲ ಹೊತ್ಕೊಂಡ ಹೋಗಿ ಬೀಸಿಸಿಕೊಂಡ ಬಾರೋ."

ಹೇಳಿದ ಮೇಲೆ ಮುಗಿಯಿತು. ಚೀಲ ಹೊತ್ತ. ಗಿರಣಿಗೆ ಹೋದ. ಗಿರಣಿಯ ಕಾಡಪ್ಪ ಚೀಲದ ಬಾಯಿ ಬಿಚ್ಚಿ ಜೋಳವನ್ನು ಮೇಲಿನ ಡಬ್ಬಿಗೆ ಸುರಿದ. ಪಟ್ಟಿ ತಿರುಗಿತು, ಕಲ್ಲು ತಿರುಗಿತು, ಹಿಟ್ಟು ಬೀಳತೊಡಗಿತು. ಮಾಂತ್ಯಾ ಕೈಕಟ್ಟಿ ನಿಂತು ನೋಡಿದ.

ಅಷ್ಟೊತ್ತಿಗೆ ನನಗೆ ಮನಸ್ಸು ತಡೆಯದೆ, ಆದರೂ ಸಿಟ್ಟಿಗೆ ಅವರ ಹೊಸ್ತಿಲು ತುಳಿಯದೆ, ಗುರುಸಂಗವ್ವನ ಫೋನಿಗೆ ಫೋನು ಹಚ್ಚಿದೆ, ತಾರೀಕು ಇಪ್ಪತ್ತಾಯಿತು, ಏನು ಮಾಡಿದಿರಿ ಅಂತ ಕೇಳೋಣ ಅಂತ. ಗಿರಣಿಯ ಡಬ್ಬಿಯೊಳಗಿಂದ ಭಜನೆಯ ಪದ ಶುರುವಾಯಿತು! ಕಾಡಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಸಾವರಿಸಿಕೊಂಡು ಗಿರಣಿ ಬಂದ್ ಮಾಡಿ, ಒಳಗೆ ಕೈ ಹಾಕಿ ತೆಗೆದ.

"ಇದೇನಲೇ ಮಾಂತ್ಯಾ!"

"ಫೋನ್ರಿ."

"ಒಳಗ ಐತಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ನಾನ ಇಟ್ಟೀನಲ್ರಿ."

"ಮತ್ತ ಯಾಕ ತಗೀಲಿಲ್ಲೋ!"

"ಇನ್ನಾ ಮೂರ ದಿನ ಆಗಿಲ್ರಿ."

ಕಾಡಪ್ಪ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಮಾಂತ್ಯಾನ ರಟ್ಟೆ ಹಿಡಿದು ಮನೆಗೆ ತಂದು ಬಿಟ್ಟ. ಮಾಂತ್ಯಾ ಅಲ್ಲೂ ಫೋನಿಗಾಗಿ ಕೈ ಚಾಚಿ ಜಗಳ ತೆಗೆದಿದ್ದನಂತೆ, ಮತ್ತೆ ಡಬ್ಬಿಗೇ ಹಾಕಬೇಕು ಅಂತ.

ಗುರುಸಂಗವ್ವ ಕೂತಲ್ಲೇ ಅಳುವ ಹಾಗಾದಳು. ಅಳಲಿಲ್ಲ, ಬೈದಳು. "ನಿನಗ ಬಾಯಿ ಇಲ್ಲೇನೋ? 'ಯವ್ವಾ, ಚೀಲದಾಗ ಫೋನ ಐತಿ' ಅನ್ನಾಕ ಏನ ರೋಗ ಬಡದಿತ್ತೋ! ಇನ್ನ ಮ್ಯಾಲ ಫೋನಿನಾಗ ಏನ ಆದ್ರೂ, ಏನ ಬಂದ್ರೂ, ಬಾಯಿ ಬಿಟ್ಟ ಹೇಳಬೇಕು! ನಾಕ ಮಂದಿಗೆ ಕೇಳೂ ಹಂಗ ಒದರಿ ಹೇಳಬೇಕು! ತಿಳೀತಿಲ್ಲೋ?"

"ತಿಳೀತಬೇ. ನಾಕ ಮಂದಿಗೆ ಕೇಳೂ ಹಂಗ ಒದರಬೇಕು."

ತಾರೀಕು ಇಪ್ಪತ್ತೈದು. ತಾಯಿ ಮಗ ಇಬ್ಬರೂ ಆಟೋ ಮಾಡಿಕೊಂಡು ದಾವಲಸಾಬನ ಅಂಗಡಿಗೆ ಹೋದರು. ಅಂಗಡಿಯಲ್ಲಿ ಆರು ಜನ ತಂತಮ್ಮ ಅರ್ಜಿ ಹಿಡಿದು ನಿಂತಿದ್ದರು. ದಾವಲಸಾಬ ಎಲ್ಲ ತುಂಬಿದ. ಕೊನೆಗೆ, "ಫೋನಿಗೆ ಆರಂಕಿದು ಒಂದ ನಂಬರ ಬರ್ತೈತಿ. ಬಂತಂದ್ರ ಹೇಳು," ಅಂದ.

ಬಂತು. ಮಾಂತ್ಯಾ ಅಂಗಡಿಯಿಂದ ಹೊರಗೆ ಜಿಗಿದ. ಕಟ್ಟೆ ಹತ್ತಿದ. ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿದ.

"ಕೇಳ್ರೋ ಯಪ್ಪಾ ಕೇಳ್ರೀ! ನಮ್ಮವ್ವನ ನಂಬರ ಬಂದೈತಿ! ನಾಕ, ಏಳ, ಒಂದ, ಒಂದ, ಎಂಟ, ಮೂರ! ಇನ್ನೊಮ್ಮಿ ಕೇಳ್ರೀ!"

ಬಸ್ಸಿನೊಳಗಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಚಹದ ಅಂಗಡಿಯವನು "ಎಂಟೋ ಒಂಬತ್ತೋ?" ಅಂತ ಕೇಳಿದ. ಇವನು ಮೂರನೆಯ ಸಲ ಒದರಿದ. ಅಂಗಡಿಯಲ್ಲಿದ್ದ ಆರು ಜನರೂ ಅದು ತಮ್ಮದೇ ನಂಬರು ಅಂದುಕೊಂಡು ಬರೆದುಕೊಂಡರು. ಅವರ ಅರ್ಜಿಗೆ ಗುರುಸಂಗವ್ವನ ನಂಬರು, ಗುರುಸಂಗವ್ವನ ಅರ್ಜಿಗೆ ಇನ್ನಾರದೋ ನಂಬರು ಹೋಗಿ, ಎಲ್ಲರದ್ದೂ ತಪ್ಪು ತಪ್ಪು ತಪ್ಪು ಅಂತ ಬಂದು ಕಂಪ್ಯೂಟರು "ನಾಳೆ ಬನ್ನಿ" ಅಂದು ಬಾಯಿ ಮುಚ್ಚಿಕೊಂಡಿತು. ಆರು ಜನ ಮಾಂತ್ಯಾನಿಗೆ ಬೈದರು. ದಾವಲಸಾಬ ಆರು ಜನರಿಗೆ ಬೈದ. ಗುರುಸಂಗವ್ವ ಆಟೋದಲ್ಲಿ ದಾರಿಯುದ್ದಕ್ಕೂ ಬೈದಳು.

"ಆ ನಂಬರ ಗುಟ್ಟಿಂದೋ! ಗುಟ್ಟಿಂದು! ಯಾರ ಕೇಳಿದ್ರೂ ಹೇಳಬಾರದು! ಪೊಲೀಸರು ಕೇಳಿದ್ರೂ ಹೇಳಬಾರದು! ದೇವರ ಬಂದ ಕೇಳಿದ್ರೂ ಹೇಳಬಾರದು! ಹಡದ ತಾಯಿ ಕೇಳಿದ್ರೂ ಹೇಳಬಾರದು! ತಿಳೀತಿಲ್ಲೋ?"

"ತಿಳೀತಬೇ."

ನಿಮಗೂ ತಿಳೀತಲ್ಲ, ಮುಂದೇನಾಯಿತು ಅಂತ?

ಎರಡು ದಿನ ಬಿಟ್ಟು, ಮುದುಕಿಯ ಮೊಣಕಾಲು ನೋಡಿ ಮರುಗಿ, ದಾವಲಸಾಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬಂದ. ನಂಬರು ಬಂತು.

"ಹೇಳಪಾ," ಅಂದ ದಾವಲಸಾಬ.

"ಹೇಳಂಗಿಲ್ರಿ."

"ಹೇಳೋ, ನಾ ಹೇಳ್ತೀನಿ, ಹೇಳೋ!" ಅಂದಳು ಗುರುಸಂಗವ್ವ.

"ಹಡದ ತಾಯಿಗೂ ಹೇಳಂಗಿಲ್ಲಬೇ."

"ಅದು ಮೊನ್ನೆ ಹೇಳಿದ್ದೋ!"

ಮಾಂತ್ಯಾ ಫೋನನ್ನು ಬನಿಯನ್ನಿನೊಳಗೆ ಹಾಕಿಕೊಂಡು ಕಂಬ ಅಪ್ಪಿ ನಿಂತ. ಬಿಡಿಸಲು ದಾವಲಸಾಬ ಹೋದರೆ ಮಾಳಿಗೆ ಹತ್ತಿದ. ಹತ್ತು ನಿಮಿಷಕ್ಕೆ ನಂಬರು ಸತ್ತಿತು. ಇನ್ನೊಂದು ತರಿಸಿದರು, ಅದೂ ಸತ್ತಿತು. ಐದು ನಂಬರು ಮಾಳಿಗೆಯ ಮೇಲೆ ಒಂದೊಂದಾಗಿ ಸತ್ತವು. ಆರನೆಯದನ್ನು ದಾವಲಸಾಬ ತಾನೇ ಏಣಿ ಹತ್ತಿ, ಕಾಲು ಹಿಡಿದು ಜಗ್ಗಿ, ಮೇಲೆ ಕೂತು ನೋಡಿಕೊಂಡ. ಹೇಗೋ ಫೋನಿಗೆ ಆ ಮುಖ ತೋರಿಸುವ ಆ್ಯಪು ಹತ್ತಿತು. ಅಷ್ಟರಲ್ಲಿ ಹೊತ್ತು ಮುಳುಗುತ್ತಾ ಬಂದಿತ್ತು, ಮುಖ ಕಾಣುವಷ್ಟು ಬೆಳಕಿರಲಿಲ್ಲ.

"ಇನ್ನ ನಂಬರ ಬ್ಯಾಡ, ಏನ ಬ್ಯಾಡ," ಅಂದ ದಾವಲಸಾಬ, ಅಂಗಿಯ ಹರಿದ ತೋಳು ಹಿಡಿದುಕೊಂಡು. "ನಾಳೆ ಬೆಳಕಿನ್ಯಾಗ ಕೂತು ಮುಖಾ ತೋರಸ್ರಿ. ಮುಂದ ಏನೇನೋ ಕೇಳತೈತಿ, ಒತ್ತಕೊಂತ ಹೋದ್ರ ಆತು." ಹೋದ. ಆಮೇಲೆ ಈ ಕಡೆ ಅವನು ತಲೆ ಹಾಕಲಿಲ್ಲ.

"ನೋಡಿಲ್ಲೆ," ಅಂದಳು ಗುರುಸಂಗವ್ವ. ದನಿ ಹೋಗಿತ್ತು ಆಕೆಗೆ. "ಕೇಳಿದವರಿಗೆಲ್ಲಾ ಇಲ್ಲ ಇಲ್ಲ ಅಂದಿ. ಇನ್ನ ಮ್ಯಾಲ ಇಲ್ಲ ಅನಬ್ಯಾಡ. ಏನ ಕೇಳಿದ್ರೂ ಹೌದು ಅನ್ನು. ಎಲ್ಲಾದಕ್ಕೂ ಹೌದು! ತಿಳೀತಿಲ್ಲೋ?"

"ಹೌದು."

ಮರುದಿನ ಬೆಳಿಗ್ಗೆ ಗುರುಸಂಗವ್ವ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ತಲಬಾಗಿಲಲ್ಲಿ ಬೆಳಕಿಗೆ ಮುಖ ಕೊಟ್ಟು ಕೂತಳು. ಹೆಣ್ಣು ನೋಡಲು ಬಂದಾಗಲೂ ಇಷ್ಟು ನೆಟ್ಟಗೆ ಕೂತಿರಲಿಲ್ಲ ಅಂತ ಆಕೆಯೇ ನನಗೆ ಹೇಳಿದಳು. ಮಾಂತ್ಯಾ ಫೋನು ಹಿಡಿದ. "ಕಣ್ಣು ಮಿಟುಕಿಸಿ" ಅಂತ ಬಂತು. ಮಿಟುಕಿಸಿದಳು. ಹಸಿರು ಗೆರೆ ಮುಖದ ಸುತ್ತ ತಿರುಗಿತು. ಆಯಿತು! ಅಷ್ಟು ದಿನದ ಮೇಲೆ ಒಂದು ಕೆಲಸ ಆಯಿತು!

ಆಮೇಲೆ ಫೋನು ಕೇಳತೊಡಗಿತು. ಮಾಂತ್ಯಾ ಮನಸ್ಸಿನಲ್ಲೇ ಓದಿಕೊಂಡು ಒತ್ತತೊಡಗಿದ. ನೀವು ಪುನಃ ನೌಕರಿಗೆ ಸೇರಿದ್ದೀರಾ? ಹೌದು. ನೀವು ಮರುಮದುವೆ ಆಗಿದ್ದೀರಾ? ಹೌದು. ಪಿಂಚಣಿದಾರರು ಮೃತರಾಗಿದ್ದಾರೆಯೇ? ಹೌದು. ಈ ಮಾಹಿತಿ ಕೊಡುತ್ತಿರುವವರು ಮಗನೇ? ಹೌದು. ಖಚಿತವೇ? ಹೌದು, ಹೌದು.

"ಮುಗೀತೇನೋ?" ಅಂದಳು ತಾಯಿ, ತುಟಿ ಅಲುಗಿಸದೆ.

"ಹೌದು."

"ಏನ ಬಂದೈತಿ, ಓದು."

"ಗುರುಸಂಗವ್ವ ಅವರ ಅಗಲಿಕೆಗೆ ವಿಷಾದಿಸುತ್ತೇವೆ. ಪಿಂಚಣಿ ನಿಲ್ಲಿಸಲಾಗಿದೆ."

ಗೋಡೆಯ ಈ ಕಡೆ ನಾನು ಚಹ ಕುಡಿಯುತ್ತಿದ್ದೆ. ಆ ಕಡೆಯಿಂದ ಕೂಗು ಬಂತು.

"ನನ್ನ ಸಾಯಿಸಿದ್ಯೇನೋ!"

"ಹೌದು."

"ನೌಕರಿ ಕೊಡಿಸಿ, ಮದುವಿ ಮಾಡಿ, ಸಾಯಿಸಿದ್ಯೇನೋ!"

"ಹೌದು."

"ನಿನಗ ತಲಿ ಐತೇನೋ!"

"ಹೌದು."

ಓಡಿ ಹೋದೆ. ಗುರುಸಂಗವ್ವ ಬಾಗಿಲಲ್ಲಿ ಹಾಗೇ ಕೂತಿದ್ದಳು. "ಶಿವಪುತ್ರಪ್ಪಾ, ನಾ ಹೋದ್ನೆಲ್ರಿ," ಅಂದಳು. ನನ್ನ ಸೆಟ್‌ಟಾಪ್ ಬಾಕ್ಸಿನ ಸಿಟ್ಟೆಲ್ಲ ಅವತ್ತು ಇಳಿಯಿತು. ತಾಲೂಕಿನ ಕಚೇರಿಗೆ ಫೋನು ಹಚ್ಚಿ ಕೇಳಿದೆ. ನಾಳೆ ಕೊನೆಯ ದಿನ, ಸಂಜೆ ಐದರೊಳಗೆ ಬಂದರೆ ಸರಿ ಮಾಡಬಹುದು, ಸತ್ತಿದ್ದಾರೆ ಅಂತ ತಿಳಿಸಿದ ಮಗನೂ ಜೊತೆಗೆ ಬರಬೇಕು ಅಂದರು.

ಮಗನೂ! ಅವನಿಲ್ಲದೆ ಹೋಗುವ ದಾರಿಯೇ ಇರಲಿಲ್ಲ.

ಮರುದಿನ ಮೂವರೂ ಹೊರಟೆವು. ಬಸ್ಸಿನಲ್ಲಿ ಗುರುಸಂಗವ್ವ ಮಗನ ಕಿವಿ ಹಿಡಿದುಕೊಂಡೇ ಕೂತಿದ್ದಳು.

"ಇವತ್ತ ನೀ ನಿನ್ನ ಬುದ್ಧಿಲೆ ಒಂದ ಅಕ್ಷರ ಆಡಬ್ಯಾಡ. ಹೌದೂ ಅನಬ್ಯಾಡ, ಇಲ್ಲಾನೂ ಅನಬ್ಯಾಡ. ಸಾಹೇಬರ ಏನ ಕೇಳಿದ್ರೂ ಮೊದಲ ನನ್ನ ಕೇಳು. ನಾ ಏನ ಹೇಳ್ತೀನಿ, ಅದನ್ನ ಹಂಗಿಂದ ಹಂಗ ಸಾಹೇಬರಿಗೆ ಹೇಳು. ಒಂದ ಮಾತ ಹೆಚ್ಚಿಲ್ಲ, ಒಂದ ಮಾತ ಕಮ್ಮಿ ಇಲ್ಲ. ತಿಳೀತಿಲ್ಲೋ?"

ಮಾಂತ್ಯಾ ಹೌದೂ ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ನನಗೆ ಧೈರ್ಯ ಬಂತು. ಈ ಸಲ ಆಕೆ ಯಾವ ಕಡೆಗೂ ಸಂದು ಬಿಟ್ಟಿರಲಿಲ್ಲ. ನಾನೇ ಹೇಳಿದ್ದರೂ ಇದಕ್ಕಿಂತ ಭದ್ರವಾಗಿ ಹೇಳಲು ಆಗುತ್ತಿರಲಿಲ್ಲ.

ಕಚೇರಿಯಲ್ಲಿ ಸಾಲು ಉದ್ದ ಇತ್ತು. ನಮ್ಮ ಸರದಿ ಬಂದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಸಾಹೇಬರು ಕನ್ನಡಕ ಏರಿಸಿ ಗುರುಸಂಗವ್ವನನ್ನು ನೋಡಿದರು, ಕಂಪ್ಯೂಟರು ನೋಡಿದರು, ಮತ್ತೆ ಗುರುಸಂಗವ್ವನನ್ನು ನೋಡಿದರು.

"ನೀವು ನನಗ ಕಾಣ್ತೀರಿ ತಾಯಿ. ಆದ್ರ ಇದಕ್ಕ ಕಾಣಂಗಿಲ್ಲ. ನೀವು ಸತ್ತೀರಂತ ನಿಮ್ಮ ಮಗ ತಿಳಿಸ್ಯಾನ. ತಪ್ಪಾಗೈತಿ, ಬದುಕ್ಯಾರ ಅಂತ ಅವನ ಬಾಯಿಲೇ ಬರಬೇಕು. ಅವ ಏನ ಹೇಳ್ತಾನ, ಅದನ್ನ ನಾ ಕಂಪ್ಯೂಟರಿನ್ಯಾಗ ಹೊಡೀತೀನಿ. ಇಲ್ಲಿ ಅಷ್ಟ ನನ್ನ ಕೆಲಸ."

"ಹೇಳ್ತಾನ್ರಿ ಸಾಹೇಬ್ರ. ಕೇಳ್ರಿ."

ಸಾಹೇಬರು ಕೀಲಿಮಣೆಯ ಮೇಲೆ ಬೆರಳಿಟ್ಟರು. "ಏನಪಾ ಮಾಂತೇಶ, ನಿಮ್ಮ ತಾಯಿ ಬದುಕ್ಯಾರೇನು?"

"ತಡೀರಿ ಸರ್," ಅಂದ ಮಾಂತ್ಯಾ. "ಅವ್ವನ್ನ ಕೇಳಿ ಹೇಳ್ತೀನಿ."

ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದಾನೆ! ನಾನು ಗುರುಸಂಗವ್ವನ ಮುಖ ನೋಡಿದೆ. ಒಂದು ಸಣ್ಣ "ಹೂಂ" ಅನ್ನು ತಾಯಿ, ಅಂದುಕೊಂಡೆ. ಒಂದು "ಹೂಂ" ಅಂದರೆ ಮುಗಿಯಿತು, ಮನೆಗೆ ಹೋಗೋಣ.

ಮಾಂತ್ಯಾ ತಾಯಿಯ ಕಡೆ ತಿರುಗಿದ. ಬಗ್ಗಿ, ಮುಖದ ಹತ್ತಿರ ಮುಖ ತಂದು, ಕಚೇರಿಗೆಲ್ಲ ಕೇಳುವ ಹಾಗೆ ಕೇಳಿದ.

"ಯವ್ವಾ, ನೀ ಬದುಕಿ ಏನಬೇ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಿಂಗಳಿಡೀ ತಡೆದುಕೊಂಡಿದ್ದಳು ಗುರುಸಂಗವ್ವ. ಅಲ್ಲ, ಮೂವತ್ತೆರಡು ವರ್ಷ ತಡೆದುಕೊಂಡಿದ್ದಳು. ಅದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಇಲ್ಲೋ! ಸತ್ತೀನಿ! ನಿನ್ನಂಥಾವನ್ನ ಹಡದ ದಿನಾನ ಸತ್ತೀನಿ!"

ಮಾಂತ್ಯಾ ತಲೆಯಾಡಿಸಿದ. ಸಾಹೇಬರ ಕಡೆ ತಿರುಗಿದ. ಕೈಕಟ್ಟಿಕೊಂಡು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ, ಹೇಳಿದ.

"ಇಲ್ಲಂತ್ರಿ ಸರ್. ಸತ್ತಾಳಂತ್ರಿ. ನನ್ನಂಥಾವನ್ನ ಹಡದ ದಿನಾನ ಸತ್ತಾಳಂತ್ರಿ."

"ನೀ ಹುಟ್ಟಿದ್ದು ಯಾವ ತಾರೀಕು?" ಅಂದರು ಸಾಹೇಬರು, ತಲೆ ಎತ್ತದೆ. ಐದಕ್ಕೆ ಮುಗಿಸಿ ಏಳುವ ಅವಸರ ಅವರಿಗೂ ಇತ್ತು.

ಮಾಂತ್ಯಾ ತಾಯಿಯ ಕಡೆ ತಿರುಗಿದ. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವನ ಆಧಾರ್ ಕಾರ್ಡು ಮೇಜಿನ ಮೇಲೇ ಇತ್ತು. ಸಾಹೇಬರು ಅದನ್ನು ನೋಡಿ ತಾರೀಕು ಹೊಡೆದರು. ನಾನು "ಸಾಹೇಬ್ರ, ತಡೀರಿ, ತಡೀರಿ" ಅನ್ನುವುದರೊಳಗೆ ಟಕ್ ಅಂತ ಒತ್ತಿಯೂ ಬಿಟ್ಟರು. ಗುರುಸಂಗವ್ವ ಮೂವತ್ತೆರಡು ವರ್ಷದ ಹಿಂದೆಯೇ ತೀರಿಕೊಂಡಳು, ಪಿಂಚಣಿಗೂ ಮೊದಲೇ, ಅರ್ಧ ನೌಕರಿಗೂ ಮೊದಲೇ.

ಆಗ ಮಾಂತ್ಯಾನಿಗೆ ತಾನು ಏನು ಹೇಳಿದೆ ಅನ್ನುವುದು ತಲೆಗೆ ಹೋಯಿತು. ನಿಧಾನಕ್ಕೆ ಹೋಯಿತು. ಕಣ್ಣು ದೊಡ್ಡದಾದವು. ಮೀಸೆ ಅದುರಿತು. ಆರಡಿ ಆಳು ದಢಾರನೆ ನೆಲಕ್ಕೆ ಕೂತು, ತಾಯಿಯ ಎರಡೂ ಮೊಣಕಾಲು ತಬ್ಬಿಕೊಂಡು ಗೋಳೋ ಅಂತ ಅತ್ತ.

"ಯವ್ವಾ! ನಮ್ಮವ್ವ ಸತ್ತಳಲ್ಲಬೇ! ನಮ್ಮವ್ವ ಸತ್ತಳು! ಇನ್ನ ನನಗ ಯಾರ ಅದಾರಬೇ!"

ನಗುತ್ತಿದ್ದ ಸಾಲು ಗಪ್ಪನೆ ನಿಂತಿತು. ಒಬ್ಬಳು ಮೂಗಿಗೆ ಸೆರಗು ಹಿಡಿದಳು. ಜವಾನ ನೀರು ತಂದುಕೊಟ್ಟ. ಸಾಹೇಬರು ಕೂಡ ಕನ್ನಡಕ ತೆಗೆದು, "ಸಮಾಧಾನ ಮಾಡ್ಕೊಳಪಾ," ಅಂದರು.

ಗುರುಸಂಗವ್ವ ಹೊಡೆಯಲು ಎತ್ತಿದ್ದ ಕೈ ಹಾಗೇ ನಿಂತಿತ್ತು. ಆ ಕೈ ಇಳಿದು ಮಗನ ತಲೆಯ ಮೇಲೆ ಬಂತು. ಸೆರಗಿನಿಂದ ಅವನ ಕಣ್ಣು ಒರೆಸಿದಳು, ಮೂಗು ಒರೆಸಿದಳು.

"ಅಳಬ್ಯಾಡ, ಸುಮ್ಮಕಿರೋ ನನ ಮಗನ," ಅಂದಳು. "ನಾ ಸತ್ತಿಲ್ಲೋ. ಬದುಕೀನಿ. ಇಲ್ಲೇ ಅದೀನಿ ನೋಡು."

ಬೇಕಾಗಿದ್ದದ್ದು ಅದೇ ಮಾತು! ಅದೇ! ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಇತ್ತು. ನಾನು ಮಾಂತ್ಯಾನ ಭುಜ ಹಿಡಿದು ಅಲುಗಾಡಿಸಿದೆ. "ಹೇಳೋ! ಈಗ ಅವ್ವ ಅಂದಿದ್ದು ಸಾಹೇಬರಿಗೆ ಹೇಳೋ!"

ಮಾಂತ್ಯಾ ಅಳು ನಿಲ್ಲಿಸಿ, ಎದ್ದು, ಕೈಕಟ್ಟಿ ಸಾಹೇಬರ ಮುಂದೆ ನಿಂತ. ಬಾಯಿ ತೆರೆಯಲಿಲ್ಲ. ಐದು ಹೊಡೆಯುವವರೆಗೂ ಹಾಗೇ ನಿಂತಿದ್ದ. ಯಾಕಂದರೆ ಸಾಹೇಬರು ಇನ್ನೊಮ್ಮೆ ಕೇಳಿರಲಿಲ್ಲ.